ಬ್ರಹ್ಮಾಂಡವೆಲ್ಲ ಪ್ರದಕ್ಷಿಣೆ ಹಾಕುತ್ತಿದೆಯಂತೆ!

ಈ ಸಂದೇಶ ನಿಮಗೂ ಬಂದೇ ಬಂದಿರುತ್ತೆ. ಮೊದಲು ಇಮೇಲಿನಲ್ಲಿ ಬರ್ತಿತ್ತು, ಈಗ ವಾಟ್ಸಾಪಿನಲ್ಲಿ ಬರುತ್ತೆ. ಸಾರಾಂಶ ಇಷ್ಟು: ಸೂರ್ಯನ ಸುತ್ತ ಗ್ರಹಗಳು ಪ್ರದಕ್ಷಿಣೆ ಹಾಕುತ್ತವೆ, ಗ್ರಹಗಳ ಸುತ್ತ ಚಂದ್ರರು ಪ್ರದಕ್ಷಿಣೆ ಹಾಕುತ್ತವೆ, ಇದು ಪ್ರಕೃತಿಯ ನಿಯಮ. ಇದನ್ನು ಅರಿತೇ ನಮ್ಮ ಹಿರಿಯರು ದೇವಸ್ಥಾನದಲ್ಲಿ ಪ್ರದಕ್ಷಿಣೆಯ ಪದ್ಧತಿ ಇಟ್ಟರು. ನಾಸಾಗೆ ಈಗ ಗೊತ್ತಾದದ್ದು ನಮಗೆ ಸಾವಿರಾರು ವರ್ಷ ಮೊದಲೇ ಗೊತ್ತಿತ್ತು. ಕೊನೆಗೆ ಕೈಮುಗಿದ ಚಿತ್ರ, ಹತ್ತು ಜನಕ್ಕೆ ಕಳಿಸಿ ಅನ್ನೋ ಅಪ್ಪಣೆ.

ನನಗೆ ಪ್ರದಕ್ಷಿಣೆಯ ಮೇಲೆ ಯಾವ ತಕರಾರೂ ಇಲ್ಲ. ಊರಿಗೆ ಹೋದಾಗ ನಾನೂ ಹಾಕ್ತೀನಿ, ಮುಂಬಯಿಯಲ್ಲೂ ಹಾಕ್ತೀನಿ. ನನ್ನ ತಕರಾರು ಇರೋದು ಸುಳ್ಳು ಸಾಕ್ಷಿಯ ಮೇಲೆ. ಗ್ರಹಗಳನ್ನು ಕರ್ಕೊಂಡು ಬಂದು ಕಟಕಟೆಯಲ್ಲಿ ನಿಲ್ಲಿಸಿ ನಮ್ಮ ಪರ ಸಾಕ್ಷಿ ಹೇಳಿಸ್ತಿದ್ದಾರಲ್ಲ, ಆ ಗ್ರಹಗಳು ಹೇಳ್ತಿರೋದು ಪೂರಾ ಉಲ್ಟಾ! ಅದನ್ನು ಒಬ್ಬರಾದರೂ ಕೇಳಿಸ್ಕೊಳ್ಳಬೇಡವೇ?

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೆನಪಿರಬಹುದು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ 'ಪ್ರದಕ್ಷಿಣ ದಿಕ್ಕು' ಅಂತಲೇ ಹೆಸರು. ಅದರ ವಿರುದ್ಧ 'ಅಪ್ರದಕ್ಷಿಣ ದಿಕ್ಕು'. ಈಗ ಅದೇ ಪುಸ್ತಕದ ಭಾಷೆಯಲ್ಲಿ ಸೌರವ್ಯೂಹದ ಮೊದಲ ಪಾಠ ಒಪ್ಪಿಸಿ ನೋಡಿ. ಭೂಮಿಯ ಉತ್ತರ ಧ್ರುವದ ಮೇಲೆ ಬಹಳ ಎತ್ತರದಲ್ಲಿ ನಿಂತು ಕೆಳಗೆ ನೋಡಿದರೆ, ಬುಧನಿಂದ ನೆಪ್ಚೂನ್ ತನಕ ಎಂಟಕ್ಕೆ ಎಂಟೂ ಗ್ರಹಗಳು ಸೂರ್ಯನನ್ನು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಸೂರ್ಯ ತನ್ನ ಸುತ್ತ ತಾನು ತಿರುಗೋದೂ ಅದೇ ದಿಕ್ಕಿಗೆ, ನಡುಭಾಗದಲ್ಲಿ ಸುಮಾರು 25 ದಿನಕ್ಕೊಂದು ಸುತ್ತು. ಭೂಮಿ ಬುಗುರಿಯ ಹಾಗೆ ತಿರುಗೋದೂ ಅದೇ ದಿಕ್ಕಿಗೆ. ನಮ್ಮ ಚಂದ್ರ ಭೂಮಿಯನ್ನು ಸುತ್ತೋದೂ ಅದೇ ದಿಕ್ಕಿಗೆ. ಎಲ್ಲಾ ಅಪ್ರದಕ್ಷಿಣ.

ಅಪ್ರದಕ್ಷಿಣೆ ಯಾವಾಗ ಹಾಕ್ತಾರೆ ಅಂತ ಗೊತ್ತಲ್ಲ? ಅಪರಕ್ರಿಯೆಯಲ್ಲಿ. ಗ್ರಹಗಳ ದಿಕ್ಕೇ ಶುಭದ ದಿಕ್ಕು ಅನ್ನೋ ವಾದ ಹಿಡಿದು ಹೊರಟರೆ ಬಂದು ತಲುಪೋದು ಎಲ್ಲಿಗೆ ನೋಡಿ ಮಾರಾಯ್ರೆ. ಸಂದೇಶ ಬರೆದವರು ಕನ್ನಡದ ಐದನೇ ಕ್ಲಾಸಿನ ಪುಸ್ತಕ ಒಮ್ಮೆ ತೆರೆದಿದ್ದರೆ ಸಾಕಿತ್ತು, ಈ ಮುಜುಗರ ತಪ್ತಿತ್ತು.

ಇಲ್ಲಿಗೆ ಒಬ್ಬ ಬುದ್ಧಿವಂತರು ಬಂದೇ ಬರ್ತಾರೆ. "ಉತ್ತರದಿಂದ ಯಾಕ್ರೀ ನೋಡ್ತೀರಿ? ದಕ್ಷಿಣದಿಂದ ನೋಡಿ, ಆಗ ಪ್ರದಕ್ಷಿಣೆಯೇ ಕಾಣುತ್ತೆ!" ಸರಿಯಾದ ಮಾತು. ಗಾಜಿನ ಗಡಿಯಾರವನ್ನು ಹಿಂದಿನಿಂದ ನೋಡಿದರೆ ಮುಳ್ಳು ಉಲ್ಟಾ ತಿರುಗಿದ ಹಾಗೆ ಕಾಣುತ್ತಲ್ಲ, ಹಾಗೆ. ಆದರೆ ಗ್ರಹಗಳನ್ನು ಹಿಂದಿನಿಂದ ನೋಡೋದಾದರೆ ದೇವಸ್ಥಾನವನ್ನೂ ಹಿಂದಿನಿಂದಲೇ ನೋಡಬೇಕು ಸ್ವಾಮಿ. ಅಂದರೆ ಪ್ರಾಂಗಣದ ಕಲ್ಲುಹಾಸಿನ ಅಡಿಯಿಂದ. ಅಲ್ಲಿಂದ ನೋಡಿದರೆ ನಮ್ಮ ಪ್ರದಕ್ಷಿಣೆಯೂ ಉಲ್ಟಾ ಕಾಣುತ್ತೆ. ಎರಡನ್ನೂ ಒಂದೇ ಕಡೆಯಿಂದ ನೋಡಿದರೆ ಎರಡೂ ಎದುರುಬದುರೇ.

ಇನ್ನೂ ಒಂದು ತಮಾಷೆ ಇದೆ. ನಮ್ಮವರು ಸಿಡ್ನಿಯಲ್ಲೂ ಇದ್ದಾರೆ, ಮೆಲ್ಬರ್ನಿನಲ್ಲೂ ಇದ್ದಾರೆ. ಅವರೂ ಅಲ್ಲಿನ ದೇವಸ್ಥಾನದಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡೇ ಸುತ್ತು ಹಾಕ್ತಾರೆ. ಆದರೆ ಭೂಗೋಳದ ಆ ಬದಿಯಲ್ಲಿ 'ಮೇಲೆ' ಅನ್ನೋದು ದಕ್ಷಿಣ ಧ್ರುವದ ಕಡೆ. ಹಾಗಾಗಿ ಭೂಮಿ ತಿರುಗೋ ದಿಕ್ಕಿಗೆ ಹೋಲಿಸಿ ನೋಡಿದರೆ ಬೆಂಗಳೂರಿನಲ್ಲಿ ಹಾಕಿದ ಪ್ರದಕ್ಷಿಣೆ ವಿರುದ್ಧ, ಸಿಡ್ನಿಯಲ್ಲಿ ಹಾಕಿದ್ದು ಸರಿ! ಪ್ರದಕ್ಷಿಣೆ ನಿಂತಿರೋದು ಭೂಮಿಯ ದಿಕ್ಕಿನ ಮೇಲೆ ಅನ್ನೋದಾದರೆ ಕರ್ನಾಟಕದ ಒಂದೊಂದು ದೇವಸ್ಥಾನದಲ್ಲೂ ತಪ್ಪು ನಡೀತಿದೆ ಅಂತಾಯಿತು. ಇದನ್ನು ಒಪ್ತೀರಾ? ಒಪ್ಪಲ್ಲ ಅಲ್ವಾ? ಹಾಗಾದರೆ ಗ್ರಹಗಳನ್ನು ಅವುಗಳ ಪಾಡಿಗೆ ಬಿಡಿ.

ಮತ್ತೆ ಪ್ರದಕ್ಷಿಣೆಯ ದಿಕ್ಕಿಗೆ ಅರ್ಥವೇ ಇಲ್ವಾ? ಇದೆ. 'ದಕ್ಷಿಣ' ಅಂದರೆ ಬಲ, 'ದಕ್ಷಿಣ' ಅಂದರೆ ಒಂದು ದಿಕ್ಕು ಕೂಡ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗೈ ದಕ್ಷಿಣಕ್ಕಿರುತ್ತೆ, ಅದಕ್ಕೇ ಎರಡಕ್ಕೂ ಒಂದೇ ಪದ. ನಮ್ಮ ಕಣ್ಣಿಗೆ ಕಾಣೋ ಸೂರ್ಯ ವರ್ಷದ ಹೆಚ್ಚು ಕಾಲ ಪೂರ್ವದಲ್ಲಿ ಹುಟ್ಟಿ, ದಕ್ಷಿಣಕ್ಕೆ ವಾಲಿ, ಪಶ್ಚಿಮದಲ್ಲಿ ಮುಳುಗ್ತಾನೆ. ಪೂರ್ವಕ್ಕೆ ಬಾಗಿಲಿರೋ ಗುಡಿಯಲ್ಲಿ ನಾವು ನಡೆಯೋದೂ ಪೂರ್ವ, ದಕ್ಷಿಣ, ಪಶ್ಚಿಮ ಅಂತಲೇ. ಯುರೋಪಿನವರ ಗಡಿಯಾರದ ಮುಳ್ಳು ಆ ಕಡೆಗೇ ತಿರುಗೋದಕ್ಕೂ ಅಲ್ಲಿನ ನೆರಳು ಗಡಿಯಾರದ ನೆರಳು ಹಾಗೆ ಸರೀತಿದ್ದದ್ದೇ ಕಾರಣ. ಅಂದರೆ ಎರಡೂ ಹೋಲೋದು ನಾವು ನಿಂತ ನೆಲದಿಂದ ಕಾಣೋ ಸೂರ್ಯನ ನಡೆಯನ್ನು. ಗ್ರಹಗಳ ನಡೆಯನ್ನಲ್ಲ.

ಆ 'ಕಾಣೋ ನಡೆ' ಇದೆಯಲ್ಲ, ಅದು ಭೂಮಿ ಪೂರ್ವಕ್ಕೆ ತಿರುಗೋದರಿಂದ ಆಗೋ ತೋರಿಕೆ. ಇದನ್ನು ಹೇಳಿದವರು ಯಾರು? ನಾಸಾ ಅಲ್ಲ, ಆರ್ಯಭಟ. ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ. ಹೋಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ನಿಂತ ವಸ್ತುಗಳು ಹಿಂದಕ್ಕೆ ಓಡುವಂತೆ ಕಾಣೋ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣ್ತವೆ ಅಂತ ಆತ ವಿವರಿಸಿದ್ದಾನೆ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಲಾಂಚಿನಲ್ಲಿ ಹೋದವರಿಗೆಲ್ಲ ಇದು ತಟ್ಟನೆ ಅರ್ಥ ಆಗುತ್ತೆ. ಬರೀ ಹೋಲಿಕೆ ಕೊಟ್ಟು ಸುಮ್ಮನಾಗಲಿಲ್ಲ, ಲೆಕ್ಕವನ್ನೂ ಕೊಟ್ಟ. 43,20,000 ವರ್ಷದ ಒಂದು ಮಹಾಯುಗದಲ್ಲಿ ಭೂಮಿ ಪೂರ್ವಕ್ಕೆ 158,22,37,500 ಸುತ್ತು ತಿರುಗುತ್ತೆ ಅಂದ. ಭಾಗಾಕಾರ ಮಾಡಿ ನೋಡಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಬರುತ್ತೆ. ಇವತ್ತಿನ ಅಳತೆಯೂ ಅದೇ!

ಆಮೇಲೆ ಏನಾಯಿತು? ನಮ್ಮವರೇ ಆರ್ಯಭಟನನ್ನು ಒಪ್ಪಲಿಲ್ಲ. ಭೂಮಿ ತಿರುಗೋದಾದರೆ ಹಾರಿಹೋದ ಹಕ್ಕಿ ಗೂಡಿಗೆ ವಾಪಸ್ ಬರೋದು ಹೇಗೆ ಅಂತ ವರಾಹಮಿಹಿರ ಕೇಳಿದ. 628ರಲ್ಲಿ ಬ್ರಹ್ಮಗುಪ್ತನೂ ವಿರೋಧಿಸಿದ. ಇವರೇನು ಸಣ್ಣವರಲ್ಲ. ವಾದ ಮಾಡಿದರು, ಪ್ರಶ್ನೆ ಕೇಳಿದರು, ಲೆಕ್ಕ ಇಟ್ಟರು. ನಮ್ಮ ಹಿರಿಯರ ಪರಂಪರೆ ಅಂದರೆ ಇದು. ಹತ್ತು ಜನಕ್ಕೆ ಕಳಿಸಿ ಅನ್ನೋದಲ್ಲ.

ಇನ್ನು ಶಿವಾಲಯಕ್ಕೆ ಹೋಗೋ ಹಳೇ ಜನರನ್ನು ಕೇಳಿ. ಅಭಿಷೇಕದ ನೀರು ಹೊರಬರೋ ಜಾಗ ದಾಟಬಾರದು ಅಂತ ಅಲ್ಲಿಂದ ಹಿಂತಿರುಗಿ ಇನ್ನೊಂದು ಬದಿಯಿಂದ ಬರ್ತಾರೆ. ಅರ್ಧ ಪ್ರದಕ್ಷಿಣ, ಅರ್ಧ ಅಪ್ರದಕ್ಷಿಣ. ಸಂಪ್ರದಾಯಕ್ಕೆ ಅದರದ್ದೇ ಕಾರಣ, ಅದರದ್ದೇ ಮರ್ಯಾದೆ ಇದೆ. ಗುರು ಶನಿಗಳ ಸರ್ಟಿಫಿಕೇಟು ಅದಕ್ಕೆ ಬೇಕಾಗಿಲ್ಲ.

* * *

ಸರಿ, ಗ್ರಹಗಳೆಲ್ಲ ಒಂದೇ ದಿಕ್ಕಿಗೆ ಯಾಕೆ ಸುತ್ತುತ್ತವೆ? ಅದು ನಿಯಮ ಅಲ್ವಾ?

ಅಲ್ಲ. ಅದು ಹುಟ್ಟಿನ ಗುರುತು. ಸುಮಾರು 460 ಕೋಟಿ ವರ್ಷದ ಹಿಂದೆ ಅನಿಲ ಮತ್ತು ಧೂಳಿನ ಒಂದು ದೊಡ್ಡ ಮೋಡ ತನ್ನದೇ ಭಾರಕ್ಕೆ ಕುಸಿಯಿತು. ಅದರೊಳಗಿನ ಒಂದೊಂದು ಚೂರೂ ಒಂದೊಂದು ಕಡೆ ಹೋಗ್ತಿತ್ತು. ಸಂಜೆ ಆರು ಗಂಟೆಗೆ ದಾದರ್ ಬ್ರಿಜ್ಜಿನ ಮೇಲೆ ನಿಂತವರಿಗೆ ಇದನ್ನು ವಿವರಿಸೋದೇ ಬೇಡ. ಎಲ್ಲರೂ ಎಲ್ಲ ಕಡೆ ನುಗ್ತಾರೆ, ಎದುರುಬದುರು ತಳ್ಳಾಡ್ತಾರೆ, ಆದರೆ ಯಾವ ಕಡೆಗೆ ಹೋಗೋರು ಸ್ವಲ್ಪ ಹೆಚ್ಚಿದ್ದಾರೋ ಕೊನೆಗೆ ಇಡೀ ಗುಂಪು ಆ ಕಡೆಗೇ ಹರಿಯುತ್ತೆ. ಮೋಡದಲ್ಲೂ ಹಾಗೇ. ಎದುರುಬದುರಿನ ಚಲನೆಗಳು ಡಿಕ್ಕಿ ಹೊಡೆದು ಒಂದನ್ನೊಂದು ಕಳೆದುಕೊಂಡವು. ಕೊನೆಗೆ ಉಳಿದ ಚೂರುಪಾರು ತಿರುಗಾಟವೇ ಇಡೀ ಮೋಡದ ತಿರುಗಾಟ ಆಯಿತು. ಕುಗ್ಗಿದಷ್ಟೂ ಅದು ಜೋರಾಯಿತು, ಮೋಡ ದೋಸೆಯ ಹಾಗೆ ಚಪ್ಪಟೆಯಾಯಿತು. ನಡುವೆ ಸೂರ್ಯ, ಸುತ್ತ ಗ್ರಹಗಳು. 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಇಂಥದ್ದೊಂದು ವಿಚಾರ ಮುಂದಿಟ್ಟರು. ಎಲ್ಲ ಗ್ರಹಗಳೂ ಒಂದೇ ದಿಕ್ಕಿಗೆ ಹೋಗ್ತಿರೋದು ಬರೀ ಕಾಕತಾಳೀಯ ಆಗಿರಲಾರದು ಅನ್ನೋದೇ ಲಾಪ್ಲಾಸನ ಮುಖ್ಯ ವಾದ. ವಿವರಗಳು ಬದಲಾಗಿವೆ, ಮೂಲ ವಿಚಾರ ಉಳಿದಿದೆ.

ಆ ಮೋಡ ಇನ್ನೊಂದು ಕಡೆಗೆ ತಿರುಗಿದ್ದರೆ ನಾವೆಲ್ಲ ಇನ್ನೊಂದು ಕಡೆಗೆ ಸುತ್ತುತ್ತಿದ್ದೆವು, ಅಷ್ಟೇ. ಅದರಲ್ಲಿ ಶುಭವೂ ಇಲ್ಲ, ಅಶುಭವೂ ಇಲ್ಲ.

ಹುಟ್ಟಿನ ಗುರುತು ಅಂದಮೇಲೆ, ಯಾರಲ್ಲಿ ಆ ಗುರುತು ಇಲ್ಲವೋ ಅವರ ಬದುಕಿನಲ್ಲಿ ಏನೋ ನಡೆದಿದೆ ಅಂತ ಅರ್ಥ. ಕಥೆ ಇರೋದೇ ಅಲ್ಲಿ. 'ಎಲ್ಲವೂ ಪ್ರದಕ್ಷಿಣೆ' ಅಂತ ಬಾಯಿ ಮುಚ್ಚಿಸಿದರೆ ಮಕ್ಕಳಿಗೆ ತಪ್ಪಿಹೋಗೋದೂ ಆ ಕಥೆಗಳೇ.

ಶುಕ್ರನನ್ನು ನೋಡಿ. ಸೂರ್ಯನನ್ನು ಸುತ್ತೋದು ಎಲ್ಲರ ಹಾಗೇ, 225 ದಿನಕ್ಕೊಂದು ಸುತ್ತು. ಆದರೆ ತನ್ನ ಸುತ್ತ ತಿರುಗೋದು ಉಲ್ಟಾ, ಅದೂ 243 ದಿನಕ್ಕೊಂದು ಸುತ್ತು. ಅಲ್ಲಿ ಸೂರ್ಯ ಹುಟ್ಟೋದು ಪಶ್ಚಿಮದಲ್ಲಿ. ಒಂದು ಸೂರ್ಯೋದಯದಿಂದ ಮುಂದಿನದಕ್ಕೆ ನಮ್ಮ ಸುಮಾರು 117 ದಿನ. ಶುಕ್ರನ ಮೈತುಂಬ ದಟ್ಟ ಮೋಡ, ನೆಲ ಕಾಣಲ್ಲ. 1960ರ ದಶಕದಲ್ಲಿ ಭೂಮಿಯಿಂದ ರೇಡಾರ್ ಅಲೆಗಳನ್ನು ಹಾಯಿಸಿ, ಅದರ ಪ್ರತಿಧ್ವನಿ ಹಿಡಿದ ಮೇಲೇ ಈ ಉಲ್ಟಾ ತಿರುಗಾಟ ಖಚಿತವಾಗಿ ಗೊತ್ತಾದದ್ದು. ಯಾಕೆ ಉಲ್ಟಾ ಅನ್ನೋದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. ದೊಡ್ಡ ಡಿಕ್ಕಿ ಅಂತ ಕೆಲವರು, ಅದರ ಭಾರೀ ವಾತಾವರಣವೇ ನಿಧಾನಕ್ಕೆ ಎಳೆದು ತಿರುಗಿಸಿತು ಅಂತ ಕೆಲವರು.

ಇದಕ್ಕೂ ಒಂದು ಉತ್ತರ ಕೇಳಿದ್ದೀನಿ. "ಶುಕ್ರಾಚಾರ್ಯರು ಅಸುರರ ಗುರು, ಅದಕ್ಕೇ ಉಲ್ಟಾ!" ಆಹಾ. ಹಾಗಾದರೆ ದೇವಗುರು ಬೃಹಸ್ಪತಿಯ ಮನೆಯ ಕಥೆ ಕೇಳಿ. ಗುರುಗ್ರಹಕ್ಕೆ 95ಕ್ಕೂ ಹೆಚ್ಚು ಚಂದ್ರರು. ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ದೊಡ್ಡವು ಶಿಸ್ತಾಗಿ ಗುರು ತಿರುಗೋ ದಿಕ್ಕಿಗೇ ಸುತ್ತುತ್ತವೆ. ದೂರದಲ್ಲಿರೋ ಸಣ್ಣಪುಟ್ಟವನ್ನೂ ಸೇರಿಸಿ ಎಣಿಸಿದರೆ ಹೆಚ್ಚಿನವು ಉಲ್ಟಾ! ದೇವಗುರುವಿನ ಅಂಗಳದಲ್ಲೇ ಉಲ್ಟಾ ಪಕ್ಷಕ್ಕೆ ಬಹುಮತ. ಶನಿಯದ್ದೂ ಅದೇ ಕಥೆ. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರರು ಪಟ್ಟಿಗೆ ಸೇರಿ ಒಟ್ಟು 274 ಆದವು, ಅದರಲ್ಲೂ ಹೆಚ್ಚಿನವು ಹಿಮ್ಮುಖ. 'ಎಲ್ಲಾ ಚಂದ್ರರೂ ಒಂದೇ ದಿಕ್ಕಿಗೆ' ಅನ್ನೋ ಮಾತು ತಲೆ ಎಣಿಸಿದರೂ ನಿಲ್ಲಲ್ಲ.

ಇವೆಲ್ಲ ಹೊರಗಿನಿಂದ ಬಂದು ಸಿಕ್ಕಿಬಿದ್ದವು ಅಂತ ಲೆಕ್ಕ. ಗ್ರಹದ ಜೊತೆ ಹುಟ್ಟಿದ್ದರೆ ಅದರ ದಿಕ್ಕಿಗೇ ಹೋಗಬೇಕಿತ್ತು. ಅಲೆಯುತ್ತಾ ಬಂದು ಹಿಡಿತಕ್ಕೆ ಸಿಕ್ಕವಕ್ಕೆ ಯಾವ ದಿಕ್ಕಾದರೂ ಆದೀತು. ಗ್ರಹದಿಂದ ಬಹಳ ದೂರದಲ್ಲಿ ಹಿಮ್ಮುಖ ಹಾದಿಯೇ ಹೆಚ್ಚು ಸ್ಥಿರ, ಹಾಗಾಗಿ ಅಂಥವೇ ಹೆಚ್ಚು ಉಳಿದುಕೊಂಡಿವೆ. (ಹೊರಗಿನಿಂದ ಬಂದು ಬೇರೂರಿದವರ ಲೆಕ್ಕ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ ಬಿಡಿ.)

ಇಂಥ ವಲಸಿಗರಲ್ಲಿ ಮೊದಲು ಸಿಕ್ಕವನೂ ದೊಡ್ಡವನೂ ಟ್ರೈಟನ್. 1846ರ ಸೆಪ್ಟೆಂಬರ್ 23ಕ್ಕೆ ನೆಪ್ಚೂನ್ ಗ್ರಹ ಸಿಕ್ಕಿತು. 17 ದಿನ ಕಳೆಯೋದರಲ್ಲಿ ವಿಲಿಯಂ ಲ್ಯಾಸೆಲ್ ಅನ್ನೋ ಇಂಗ್ಲೆಂಡಿನ ಬಿಯರ್ ವ್ಯಾಪಾರಿ ತನ್ನದೇ ದೂರದರ್ಶಕದಲ್ಲಿ ಅದರ ಚಂದ್ರನನ್ನು ಹಿಡಿದ. ಅಡ್ಡಳತೆ 2,700 ಕಿಲೋಮೀಟರ್, ಪ್ಲೂಟೋಗಿಂತ ದೊಡ್ಡದು. ಆರು ದಿನಕ್ಕೆ ಸ್ವಲ್ಪ ಕಮ್ಮಿಯಲ್ಲಿ ಒಂದು ಸುತ್ತು, ನೆಪ್ಚೂನ್ ತಿರುಗೋ ದಿಕ್ಕಿಗೆ ವಿರುದ್ಧ. ದೊಡ್ಡ ಚಂದ್ರರ ಪೈಕಿ ಹೀಗೆ ಹೋಗೋದು ಇದೊಂದೇ. ಪ್ಲೂಟೋ ಇರೋ ಕಡೆಯ ಹಿಮದ ಲೋಕಗಳಿಂದ ಬಂದು ಸಿಕ್ಕಿಬಿದ್ದದ್ದು ಅಂತ ಈಗ ನಂಬಿಕೆ.

ದಿಕ್ಕು ಇಲ್ಲಿ ಬರೀ ವಿಚಿತ್ರ ಅಲ್ಲ, ಹಣೆಬರಹವೇ ಅದು. ನಮ್ಮ ಚಂದ್ರ ಭೂಮಿ ತಿರುಗೋ ದಿಕ್ಕಿಗೇ ಸುತ್ತುತ್ತಾನೆ, ಭೂಮಿ ಅವನಿಗಿಂತ ಬೇಗ ತಿರುಗುತ್ತೆ. ಸಮುದ್ರದ ಉಬ್ಬರದ ಉಬ್ಬು ಭೂಮಿಯ ಜೊತೆ ಚಂದ್ರನಿಗಿಂತ ಸ್ವಲ್ಪ ಮುಂದೆ ಹೋಗಿ ಅವನನ್ನು ಮುಂದಕ್ಕೆ ಎಳೆಯುತ್ತೆ, ಅವನು ಹೊರಕ್ಕೆ ಸರೀತಾನೆ. ವರ್ಷಕ್ಕೆ 3.8 ಸೆಂಟಿಮೀಟರ್. 1969ರಿಂದ ಅಪೋಲೋ ಯಾತ್ರಿಗಳು ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅಳೆದದ್ದು ಇದು. ಟ್ರೈಟನ್‌ಗೆ ಇದರ ತದ್ವಿರುದ್ಧ. ಅದು ಹೋಗೋದು ಉಲ್ಟಾ, ಹಾಗಾಗಿ ನೆಪ್ಚೂನಿನ ಉಬ್ಬು ಅದನ್ನು ಹಿಂದಕ್ಕೆ ಎಳೆಯುತ್ತೆ, ಅದು ಒಳಕ್ಕೆ ಜಾರುತ್ತೆ. ಮುನ್ನೂರೈವತ್ತು ಕೋಟಿ ವರ್ಷದ ಆಸುಪಾಸಿನಲ್ಲಿ ಅದು ನೆಪ್ಚೂನಿಗೆ ತೀರಾ ಹತ್ತಿರ ಹೋಗಿ ಚೂರುಚೂರಾಗುತ್ತೆ ಅನ್ನೋದು ಲೆಕ್ಕಾಚಾರ.

ಮಂಗಳನ ಚಂದ್ರ ಫೋಬೋಸ್ ಇನ್ನೂ ಚೆಂದ. ಮಂಗಳ ಒಂದು ಸುತ್ತು ತಿರುಗೋಕೆ 24 ಗಂಟೆ 37 ನಿಮಿಷ. ಫೋಬೋಸ್ ಮಂಗಳನನ್ನು ಸುತ್ತಿ ಬರೋಕೆ 7 ಗಂಟೆ 39 ನಿಮಿಷ ಮಾತ್ರ. ಹೋಗೋದು ಸರಿಯಾದ ದಿಕ್ಕಿಗೇ, ಆದರೆ ನೆಲಕ್ಕಿಂತ ಬೇಗ ಓಡುತ್ತೆ. ಹಾಗಾಗಿ ಮಂಗಳನ ಮೇಲೆ ನಿಂತವರಿಗೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತೆ! ಪಶ್ಚಿಮದಲ್ಲಿ ಹುಟ್ಟಿದ್ದೆಲ್ಲ ಉಲ್ಟಾ ಹೋಗ್ತಿದೆ ಅಂತಲ್ಲ. ಕಂಡದ್ದಕ್ಕೂ ಇರೋದಕ್ಕೂ ನಡುವೆ ಲೆಕ್ಕ ಹಾಕೋ ತಲೆ ಒಂದು ಬೇಕು.

ಶನಿಯ ಫೀಬಿ 1899ರಲ್ಲಿ ಸಿಕ್ಕಿತು, ಛಾಯಾಚಿತ್ರದ ಗಾಜಿನ ಫಲಕ ನೋಡಿ ಪತ್ತೆಯಾದ ಮೊದಲ ಚಂದ್ರ. ಅದೂ ಹಿಮ್ಮುಖ. ಅದರಿಂದ ಉದುರಿದ ಧೂಳು ಕೂಡ ಶನಿಯ ಸುತ್ತ ಹಿಮ್ಮುಖವಾಗೇ ಸುತ್ತುತ್ತೆ, ಎದುರಿನಿಂದ ಬರೋ ಐಯಾಪೆಟಸ್ ಅನ್ನೋ ಚಂದ್ರನ ಮುಖಕ್ಕೆ ರಾಚುತ್ತೆ. ಐಯಾಪೆಟಸ್‌ನ ಮುಂದಿನ ಅರ್ಧ ಕಪ್ಪು, ಹಿಂದಿನ ಅರ್ಧ ಬಿಳಿ ಆಗೋದು ಶುರುವಾದದ್ದು ಹೀಗೆ. ಇನ್ನು ಯುರೇನಸ್ 98 ಡಿಗ್ರಿ ವಾಲಿ, ಮಲಗಿಕೊಂಡೇ ಉರುಳುತ್ತೆ. ಅದರ ವರ್ಷ ನಮ್ಮ 84 ವರ್ಷ. ಒಂದು ಧ್ರುವಕ್ಕೆ 42 ವರ್ಷ ಹಗಲು, ಆಮೇಲೆ 42 ವರ್ಷ ರಾತ್ರಿ. ಅದು ಹಾಕೋದು ಪ್ರದಕ್ಷಿಣೆಯೋ ಉರುಳುಸೇವೆಯೋ ನೀವೇ ಹೇಳಿ.

ಅಷ್ಟು ದೂರ ಯಾಕೆ, ನಮ್ಮ ಇಸ್ರೋವನ್ನೇ ನೋಡಿ. ಶ್ರೀಹರಿಕೋಟಾದಿಂದ ರಾಕೆಟ್ಟನ್ನು ಪೂರ್ವಕ್ಕೆ ಹಾರಿಸಿದರೆ ಭೂಮಿಯ ತಿರುಗಾಟದಿಂದ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆ. ಆದರೆ ನೆಲದ ಚಿತ್ರ ತೆಗೆಯೋ ದೂರಸಂವೇದಿ ಉಪಗ್ರಹಗಳು ಒಂದೇ ಊರನ್ನು ಪ್ರತಿ ಸಲ ಹೆಚ್ಚುಕಮ್ಮಿ ಅದೇ ಬಿಸಿಲಿನ ಹೊತ್ತಿಗೆ ದಾಟಬೇಕು. ಅದಕ್ಕೆ ಅವುಗಳ ಕಕ್ಷೆ ಸುಮಾರು 98 ಡಿಗ್ರಿ ಓರೆ. 90 ದಾಟಿತು ಅಂದರೆ ಅದು ಹಿಮ್ಮುಖ ಕಕ್ಷೆ ಅಂತಲೇ ಲೆಕ್ಕ. ಇಸ್ರೇಲ್ 1988ರಿಂದ ತನ್ನ ಉಪಗ್ರಹಗಳನ್ನು ಪಶ್ಚಿಮಕ್ಕೇ ಹಾರಿಸುತ್ತೆ, ಪೂರ್ವಕ್ಕೆ ಬಿಟ್ಟರೆ ನೆರೆದೇಶಗಳ ತಲೆಮೇಲೆ ಹೋಗುತ್ತಲ್ಲ ಅಂತ. ಕೆಲಸಕ್ಕೆ ತಕ್ಕ ದಿಕ್ಕು. ಯಾವ ದೋಷವೂ ಇಲ್ಲ, ಯಾವ ಶಾಂತಿಯೂ ಬೇಡ.

* * *

ದೋಷ ಅಂದಾಗ ನೆನಪಾಯಿತು, 'ವಕ್ರ'. ಶನಿ ವಕ್ರ, ಬುಧ ವಕ್ರ, ಹೊಸ ಕೆಲಸಕ್ಕೆ ಸೇರಬೇಡಿ, ಫ್ಲ್ಯಾಟಿನ ಅಗ್ರಿಮೆಂಟಿಗೆ ಸಹಿ ಹಾಕಬೇಡಿ. ಈ ಊರಲ್ಲಿ ಡಿಪಾಸಿಟ್ ಕೊಟ್ಟು, ತಿಂಗಳ ಕಂತು ಕಟ್ಟಿ ಬದುಕೋ ನಮ್ಮ ಜನ ಈ ಮಾತಿಗೆ ಹೆದರಿ ದುಡ್ಡು ಕಳ್ಕೊಳ್ಳೋದನ್ನು ಕಣ್ಣಾರೆ ನೋಡಿದ್ದೀನಿ. ಹೆದರಿಸೋರು ಈಗೀಗ ವಿಜ್ಞಾನವನ್ನೂ ಸಾಕ್ಷಿಗೆ ಕರೀತಾರೆ. ಗ್ರಹಗಳು ಹಿಂದಕ್ಕೆ ಹೋಗೋದನ್ನು ವಿಜ್ಞಾನಿಗಳೇ ಒಪ್ಪಿದ್ದಾರಲ್ಲ ಅಂತ!

ಇಲ್ಲಿ ಎರಡು ಬೇರೆಬೇರೆ ಸಂಗತಿಗಳನ್ನು ಬೇಕಂತಲೇ ಕಲಸ್ತಾರೆ. ಟ್ರೈಟನ್ ಹಿಂದಕ್ಕೆ ಹೋಗೋದು ನಿಜವಾದ ಹಿಮ್ಮುಖ. ಪಂಚಾಂಗದ ವಕ್ರ ಹಾಗಲ್ಲ, ಅದು ನೋಟ. ಕುರ್ಲಾ ಘಾಟ್ಕೋಪರ್ ನಡುವೆ ನೀವು ಫಾಸ್ಟ್ ಲೋಕಲ್‌ನಲ್ಲಿ ಇದ್ದೀರಿ, ಪಕ್ಕದ ಹಳಿಯಲ್ಲಿ ಸ್ಲೋ ಲೋಕಲ್ ಅದೇ ಕಡೆಗೆ ಹೋಗ್ತಿದೆ. ನಿಮ್ಮ ಗಾಡಿ ಅದನ್ನು ದಾಟುವಾಗ ಆ ಗಾಡಿ ಹಿಂದಕ್ಕೆ ಸರಿದ ಹಾಗೆ ಕಾಣಲ್ವಾ? ಅಷ್ಟೇ ಇದು. ಭೂಮಿ ಫಾಸ್ಟ್, ಮಂಗಳ ಗುರು ಶನಿ ಸ್ಲೋ. ನಾವು ಅವುಗಳನ್ನು ದಾಟುವಾಗಲೆಲ್ಲ ಅವು ನಕ್ಷತ್ರಗಳ ನಡುವೆ ಹಿಂದೆ ಸರಿದ ಹಾಗೆ ಕಾಣ್ತವೆ. ಮಂಗಳನನ್ನು ಸುಮಾರು 26 ತಿಂಗಳಿಗೊಮ್ಮೆ ದಾಟ್ತೀವಿ. ಶನಿಯನ್ನು ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ, ಆಗೆಲ್ಲ ಶನಿ ಸುಮಾರು ನಾಲ್ಕೂವರೆ ತಿಂಗಳು 'ವಕ್ರ'. ಬುಧ ಶುಕ್ರರ ವಿಷಯದಲ್ಲಿ ಅವು ಫಾಸ್ಟ್, ನಾವು ಸ್ಲೋ. ಬುಧ ವರ್ಷಕ್ಕೆ ಮೂರು ನಾಲ್ಕು ಸಲ ನಮ್ಮನ್ನು ದಾಟಿ ಹೋಗುತ್ತೆ, ಪ್ರತಿ ಸಲ ಮೂರು ವಾರ ವಕ್ರ. ಸೂರ್ಯನ ಮೇಲೆ ನಿಂತು ನೋಡಿದರೆ ಯಾವ ಗ್ರಹವೂ ಎಂದೂ ವಕ್ರ ಆಗಲ್ಲ. ಪಕ್ಕದ ಲೋಕಲ್ ಹಿಂದೆ ಹೋದ ಹಾಗೆ ಕಂಡಿತು ಅಂತ ಯಾರಾದರೂ ಶಾಂತಿ ಮಾಡಿಸ್ತಾರಾ?

ತಮಾಷೆ ಅಂದರೆ, ಇದನ್ನೂ ನಮ್ಮ ಹಿರಿಯರು ಅಚ್ಚುಕಟ್ಟಾಗಿ ಲೆಕ್ಕ ಹಾಕಿದ್ದರು. 'ಸೂರ್ಯಸಿದ್ಧಾಂತ' ಗ್ರಹಗಳಿಗೆ ಎಂಟು ಬಗೆಯ ಗತಿ ಹೇಳುತ್ತೆ, ವಕ್ರ, ಮಂದ, ಸಮ, ಶೀಘ್ರ ಅಂತೆಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ನಾವು ಬಾಯಿಪಾಠ ಮಾಡಿದ 27 ನಕ್ಷತ್ರಗಳ ಸರಣಿ ಇದೆಯಲ್ಲ, ಅದು ಪಶ್ಚಿಮದಿಂದ ಪೂರ್ವಕ್ಕೆ. ಚಂದ್ರ ನಿಜವಾಗಿ ಸುತ್ತೋ ದಿಕ್ಕು ಅದೇ, 27.3 ದಿನಕ್ಕೊಂದು ಸುತ್ತು. ರಾಹು ಕೇತುಗಳು ಮಾತ್ರ ಹಿಂದಕ್ಕೇ ಸಾಗ್ತವೆ ಅಂತ ಪಂಚಾಂಗ ಹೇಳುತ್ತೆ, ಅದೂ ಸರಿ. ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟೋ ಆ ಎರಡು ಬಿಂದುಗಳು 18.6 ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಸುತ್ತು ಬರ್ತವೆ. ಬರಿಗಣ್ಣಿನಲ್ಲಿ ನೋಡಿ, ತಲೆಮಾರುಗಟ್ಟಲೆ ಬರೆದಿಟ್ಟು ಕಂಡುಕೊಂಡ ಸಂಗತಿ ಇದು. ಹೆಮ್ಮೆ ಪಡೋದಾದರೆ ಇದಕ್ಕೆ ಪಡಿ! ನಿಜವಾದ ಚಿನ್ನ ಮನೆಯಲ್ಲಿರೋವಾಗ ಬೀದಿಯಲ್ಲಿ ಮಾರೋ ಗಿಲೀಟಿನ ಸರ ಯಾಕೆ ಹಾಕ್ಕೊಳ್ತೀರಿ?

* * *

ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟು ಯಾಕೆ ಅಂತ ಕೇಳಬಹುದು. ಹೇಳ್ತೀನಿ.

ಕೆಲವು ವರ್ಷದ ಹಿಂದೆ ಇಲ್ಲಿ ಒಂದು ಸಂಘದ ಮಕ್ಕಳ ಕಾರ್ಯಕ್ರಮ. ವೇದಿಕೆಯ ಮೇಲಿದ್ದ ಹಿರಿಯರು ಇದೇ ಪ್ರದಕ್ಷಿಣೆಯ ಭಾಷಣ ಮಾಡಿದರು. ಒಬ್ಬಳು ಹುಡುಗಿ, ಏಳನೇ ಕ್ಲಾಸಿನವಳಿರಬೇಕು, ಎದ್ದು ನಿಂತು ತಡವರಿಸೋ ಕನ್ನಡದಲ್ಲಿ ಕೇಳಿದಳು, "ಅಜ್ಜ, ನಮ್ಮ ಬುಕ್ಕಲ್ಲಿ ಆ್ಯಂಟಿಕ್ಲಾಕ್‌ವೈಸ್ ಅಂತ ಇದೆಯಲ್ಲ?" ಸಭೆ ನಕ್ಕಿತು. ಹಿರಿಯರು, "ಅದೆಲ್ಲ ಇಂಗ್ಲಿಷಿನವರ ಪುಸ್ತಕ ಮಗಾ, ಕೂತ್ಕೋ" ಅಂದರು. ಅವಳು ಕೂತ್ಕೊಂಡಳು.

ಆ ಹುಡುಗಿ ಅವತ್ತು ಏನು ಕಲಿತಳು ಯೋಚನೆ ಮಾಡಿ. ನಮ್ಮ ಮಕ್ಕಳು ಇಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಓದ್ತಾರೆ, ಬೀದಿಯಲ್ಲಿ ಹಿಂದಿ ಮರಾಠಿ ಮಾತಾಡ್ತಾರೆ. ಕನ್ನಡ ಅವರ ಕಿವಿಗೆ ಬೀಳೋದು ಮನೆಯಲ್ಲಿ, ಊರಿಂದ ಬರೋ ಫೋನಿನಲ್ಲಿ, ಇಂಥ ಕಾರ್ಯಕ್ರಮದಲ್ಲಿ. ಅಷ್ಟು ಸಣ್ಣ ಕಿಂಡಿಯಿಂದ ನಾವು ಒಳಗೆ ಬಿಡೋದು ಇಂಥ ಸುಳ್ಳುಗಳನ್ನಾದರೆ, ಮಗು ಒಂದು ತೀರ್ಮಾನಕ್ಕೆ ಬರುತ್ತೆ. ನಿಜ ಇರೋದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಇರೋದು ಬರೀ ಕಟ್ಟುಕಥೆ ಅಂತ. ಆಮೇಲೆ ಮಕ್ಕಳು ಕನ್ನಡ ಮಾತಾಡಲ್ಲ, ಓದಲ್ಲ ಅಂತ ರಾಜ್ಯೋತ್ಸವದ ದಿನ ಮೈಕಿನ ಮುಂದೆ ಗೋಳಾಡ್ತೀವಿ. ಭಾಷೆಯನ್ನು ಕೊಲ್ಲೋಕೆ ಬೇರೆಯವರು ಬೇಕಾಗಿಲ್ಲ ಸ್ವಾಮಿ, ಅದರಲ್ಲಿ ಪ್ರಶ್ನೆ ಕೇಳೋದನ್ನು ನಿಲ್ಲಿಸಿದರೆ ಸಾಕು.

ಕನ್ನಡಕ್ಕೆ ಈ ಗತಿ ಬರಬೇಕಾಗಿರಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು, ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಮಾಡಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಮಾಸಪತ್ರಿಕೆ ಹೊರತಂದಿತು. ಆಕಾಶದ ವಿಷಯವನ್ನು ಕನ್ನಡದಲ್ಲಿ ಸ್ಪಷ್ಟವಾಗಿ, ಪ್ರೀತಿಯಿಂದ ಹೇಳೋಕೆ ಪದಗಳಿವೆ, ಪುಸ್ತಕಗಳಿವೆ, ಹೇಳಿದವರಿದ್ದಾರೆ. ನಾವೇ ಅವುಗಳನ್ನು ಅಟ್ಟಕ್ಕೆ ಹಾಕಿ ಸಂದೇಶ ಕಳಿಸ್ತಾ ಕೂತಿದ್ದೀವಿ.

ಮಕ್ಕಳಿಗೆ ತೋರಿಸೋಕೆ ದೂರದರ್ಶಕವೂ ಬೇಡ. ಚಂದ್ರ ಯಾವುದಾದರೂ ಹೊಳೆಯೋ ನಕ್ಷತ್ರದ ಹತ್ತಿರ ಇರೋ ರಾತ್ರಿ ಟೆರೇಸಿಗೆ ಕರ್ಕೊಂಡು ಹೋಗಿ. ರೋಹಿಣಿ, ಚಿತ್ತಾ, ಜ್ಯೇಷ್ಠಾ ಇವೆಲ್ಲ ಮುಂಬಯಿಯ ಬೆಳಕಿನಲ್ಲೂ ಕಾಣ್ತವೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಎರಡೂ ಪಶ್ಚಿಮಕ್ಕೆ ಇಳಿದಿರುತ್ತವೆ, ಆದರೆ ಚಂದ್ರ ಆ ನಕ್ಷತ್ರಕ್ಕೆ ಹೋಲಿಸಿದರೆ ತನ್ನ ಅಗಲದಷ್ಟು ಪೂರ್ವಕ್ಕೆ ಸರಿದಿರುತ್ತಾನೆ. ಮಾರನೇ ದಿನ ಸುಮಾರು 50 ನಿಮಿಷ ತಡವಾಗಿ ಹುಟ್ತಾನೆ. ಇಳಿದದ್ದು ಭೂಮಿಯ ತಿರುಗಾಟ, ಸರಿದದ್ದು ಚಂದ್ರನ ಸುತ್ತಾಟ. ಒಂದೇ ರಾತ್ರಿಯಲ್ಲಿ, ಒಂದೇ ಟೆರೇಸಿನಲ್ಲಿ, ಕನ್ನಡದಲ್ಲೇ ಎರಡೂ ಕಾಣುತ್ತೆ.

ಇನ್ನು ಮುಂದಿನ ಸಲ ಆ ಸಂದೇಶ ಬಂದರೆ ಜಗಳ ಆಡೋಕೆ ಹೋಗಬೇಡಿ. ಕಳಿಸಿದವರು ಸೋದರಮಾವನೋ ಅತ್ತಿಗೆಯೋ ಆಗಿರ್ತಾರೆ, ಸಂಬಂಧ ಕೆಡಬಾರದು. ಒಂದೇ ಒಂದು ಪ್ರಶ್ನೆ ಕೇಳಿ: "ಯಾವ ಕಡೆಯಿಂದ ನೋಡಿದಾಗ?" ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ. ಬಂದರೆ, ಮಕ್ಕಳನ್ನೂ ಹತ್ತಿರ ಕೂರಿಸ್ಕೊಂಡು ಮಾತು ಮುಂದುವರಿಸಿ.

ಏನಂತೀರಿ?